ಫೀಲ್ಡ್‌ನಲ್ಲಿ ಎರರ್ ಇದೆ, ಬೇಗ ಬನ್ನಿ

ಫ್ಯಾಕ್ಟರಿ, ಕೋಳಿ ಫಾರಂ, ಮದುವೆ ಛತ್ರ, ಎಲ್ಲ ಕಡೆ ಈಗ ಒಂದು ಕಂಪ್ಯೂಟರು, ಅದರೊಳಗೆ ಮಾಹಿತಿ ತುಂಬೋದಕ್ಕೆ ಒಂದು ಫಾರ್ಮು ಇದ್ದೇ ಇರುತ್ತೆ. ಆ ಫಾರ್ಮಿನ ಒಂದೊಂದು ಖಾನೆಗೂ ಫೀಲ್ಡ್ ಅಂತಾರೆ. ಅದು ಕೆಟ್ಟಾಗ ರಿಪೇರಿ ಮಾಡೋದು ನನ್ನ ಕೆಲಸ. ದೊಡ್ಡಬಳ್ಳಾಪುರದಲ್ಲಿ ಮನೆ, ಸುತ್ತಮುತ್ತ ತಿರುಗಾಟ. ಖಾನೆ ಸರಿಮಾಡೋದು ಸುಲಭ. ಅದು ಕೆಟ್ಟಿದ್ದಾಗ ಏನೇನೋ ನಡೆದುಹೋಗಿರುತ್ತಲ್ಲ, ಅದನ್ನ ಸರಿಮಾಡೋಕೆ ಇನ್ನೂ ಯಾರೂ ಹುಟ್ಟಿಲ್ಲ.

ಕಂಪನಿಯ ಜವಾಬ್ದಾರಿ

ಸೋಂಪುರದ ಕಡೆ ಬಕೆಟ್ ತಯಾರಿಸೋ ಒಂದು ಫ್ಯಾಕ್ಟರಿ. ಹೊಸದಾಗಿ ಸೇರಿದ ಹುಡುಗರಿಗೆಲ್ಲ ಗುರುತಿನ ಚೀಟಿ ಆಗಬೇಕಿತ್ತು. ಚೀಟಿ ಇಲ್ಲದಿದ್ದರೆ ಗೇಟಿನ ಒಳಗೆ ಬಿಡಲ್ಲ. ಆದರೆ ಫಾರ್ಮಿನಲ್ಲಿ 'ಹೆಂಡತಿ ಹೆಸರು' ಅನ್ನೋ ಖಾನೆಯನ್ನ ಯಾರೋ ಪುಣ್ಯಾತ್ಮರು ಕಡ್ಡಾಯ ಮಾಡಿಟ್ಟಿದ್ದರು. ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೇ ಹೋಗ್ತಿರಲಿಲ್ಲ. ಆಫೀಸಿನ ಹುಡುಗಿ ಜಾಣೆ. ಮದುವೆಯಾಗದವರ ಖಾನೆಯಲ್ಲೆಲ್ಲ 'ಹುಡುಕ್ತಾ ಇದ್ದಾರೆ' ಅಂತ ತುಂಬಿ ಕೆಲಸ ಮುಗಿಸಿದ್ದಳು.

ಚೀಟಿಗಳು ಅಚ್ಚಾಗಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಹೊದ್ದು ಹುಡುಗರ ಕತ್ತಿಗೆ ಬಿದ್ದವು. ಫೋಟೋ, ಹೆಸರು, ಕೆಳಗೆ 'ಪತ್ನಿ: ಹುಡುಕ್ತಾ ಇದ್ದಾರೆ'. ಮ್ಯಾನೇಜರು ನೋಡಿ ಹೌಹಾರಿ ನನ್ನನ್ನ ಕರೆಸಿದರು. ನಾನು ಕಡ್ಡಾಯ ತೆಗೆದುಹಾಕಿದೆ, ಎರಡು ನಿಮಿಷದ ಕೆಲಸ. ಹಳೇ ಚೀಟಿ ವಾಪಸ್ ಕೊಡಿ ಅಂತ ಹೇಳಿದರೆ ಕುಂದಾಣ ಕಡೆಯ ಒಬ್ಬ ಹುಡುಗ ಮಾತ್ರ ಚೀಟಿ ಹಿಡ್ಕೊಂಡು ನಿಂತುಬಿಟ್ಟ.

"ಹಂಗಂದ್ರೆ ಕಂಪನಿಯವ್ರು ಹುಡುಕ್ತಾ ಇಲ್ವಾ ಮೇಡಂ?"

"ಇಲ್ಲಪ್ಪಾ, ಅದು ತಪ್ಪಾಗಿ ಬಂದಿತ್ತು."

"ಅಯ್ಯೋ! ನೀವಿನ್ನು ಹುಡುಕ್ಬೇಡಿ ಅಂತ ಮನೇಲಿ ಹೇಳ್ಬಂದ್ಬಿಟ್ನಲ್ಲ!"

ಬಸ್ಸಿನಲ್ಲಿ ಸರ್ವೇ

ಹೊಸಕೋಟೆಯಿಂದ ದೇವನಹಳ್ಳಿಗೆ ಬಸ್ಸಿನಲ್ಲಿ ಬರ್ತಾ ಇದ್ದೆ. ಕೋಳಿ ಫಾರಂ ಗುಮಾಸ್ತರ ಫೋನು. ರಿಪೋರ್ಟಿನಲ್ಲಿ ಮೊಟ್ಟೆ ಲೆಕ್ಕ ಬರಬೇಕಾದ ಕಡೆ ಬರೀ ಜಾಲರಿ ಥರ ಗೆರೆಗಳು ಬಂದಿವೆ, ಮಾಲೀಕರು ಬಂದು ಕೂತಿದ್ದಾರೆ, ಈಗಲೇ ಲೆಕ್ಕ ಬೇಕಂತೆ. ಅಂಕಿ ದೊಡ್ಡದಾಗಿ ಖಾನೆ ಚಿಕ್ಕದಾದರೆ ಹಾಗಾಗುತ್ತೆ. ಬಸ್ಸಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿ ಅಂತ ನಾನು ಗಟ್ಟಿಯಾಗಿ ಹೇಳಿದೆ:

"ಹೆದರ್ಬೇಡಿ ಸಾರ್. ಆ ಫೀಲ್ಡ್ ಸ್ವಲ್ಪ ಅಗಲ ಮಾಡಿ. ಜಾಗ ಸಾಲ್ದಿದ್ರೆ ಪಕ್ಕದ ಫೀಲ್ಡ್ ಇದೆಯಲ್ಲ, ಅದನ್ನ ಒಂಚೂರು ಒಳಕ್ಕೆ ತಳ್ಳಿ. ಏನೂ ಆಗಲ್ಲ, ಯಾರಿಗೂ ಗೊತ್ತಾಗೋದೂ ಇಲ್ಲ. ಗೆರೆ ಕಾಣಿಸ್ತಿದ್ರೆ ಅದನ್ನೂ ಅಳಿಸ್ಬಿಡಿ."

ಫೋನು ಇಟ್ಟೆ. ಹಿಂದಿನ ಸೀಟಿನಿಂದ ಒಬ್ಬ ಯಜಮಾನರು ಮುಂದಕ್ಕೆ ಬಾಗಿದರು. ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ಸಿಟ್ಟು.

"ಯಾವ ಸರ್ವೇ ಆಫೀಸಮ್ಮಾ ನಿಂದು? ನಮ್ಮ ಪಕ್ಕದ ಹೊಲದೋನು ಬದು ಒತ್ತರಿಸ್ಕೊಂಡಿರೋದು ಹಿಂಗೇ ಕಣಮ್ಮಾ! ಯಾರು ಹೇಳ್ಕೊಟ್ರು ಅಂತ ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ!"

ಅದು ಹೊಲ ಅಲ್ಲ, ಕಂಪ್ಯೂಟರಿನ ಖಾನೆ ಅಂತ ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಸುತ್ತಲಿನವರೂ ನನ್ನನ್ನೇ ದುರುಗುಟ್ಟಿ ನೋಡತೊಡಗಿದರು. ಮುಂದಿನ ಸ್ಟಾಪಿನಲ್ಲೇ ಇಳಿದುಬಿಡೋಣ ಅಂತ ಬ್ಯಾಗು ಎತ್ತಿಕೊಂಡು ಎದ್ದೆ. ಯಜಮಾನರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಹೋಗ್ಲಿ ಬಿಡವ್ವಾ. ನಂದೂ ಹಂಗೇ ಒಂಚೂರು ಅಗಲ ಮಾಡಿಕೊಡಕ್ಕಾಯ್ತದಾ?"

ರೋಗಿ ಯಾರು?

ಒಂದು ಖಾಸಗಿ ಪಶು ಆಸ್ಪತ್ರೆಯ ಚೀಟಿಯಲ್ಲಿ ಹಸುವಿನ ಹೆಸರು ಬರಬೇಕಾದ ಕಡೆ ಮಾಲೀಕರ ಹೆಸರು, ಮಾಲೀಕರ ಜಾಗದಲ್ಲಿ ಹಸುವಿನ ಹೆಸರು ಬರ್ತಾ ಇತ್ತು. ಎರಡು ಖಾನೆ ಅದಲುಬದಲಾಗಿದ್ದವು, ಅಷ್ಟೇ. ನಾನು ಹೋಗೋ ಹೊತ್ತಿಗೆ ದಂಪತಿಗಳಿಬ್ಬರು ಔಷಧಿ ತಗೊಳ್ಳೋಕೆ ನಿಂತಿದ್ದರು. ಗಂಡನ ಕೈಯಿಂದ ಚೀಟಿ ಕಿತ್ಕೊಂಡು ಹೆಂಡತಿ ಓದಿದಳು. ರೋಗಿ ಅಂತ ಗಂಡನ ಹೆಸರು. ಲಕ್ಷಣ: 'ಸುಮ್ಮಸುಮ್ಮನೆ ಗುಮ್ಮುತ್ತದೆ. ಮೇವು ಬಿಟ್ಟಿದೆ.'

ಡಾಕ್ಟರು ನಾಚಿಕೊಂಡು, "ತಪ್ಪಾಗಿದೆ ಕಣಮ್ಮಾ, ಕೊಡಿ ಸರಿ ಮಾಡಿಸ್ತೀನಿ" ಅಂದರು.

"ಗುಮ್ಮೋದು ಹಂಗೇ ಇರ್ಲಿ ಡಾಕ್ಟ್ರೇ," ಅಂದಳು ಆಕೆ. "ಮೇವು ಬಿಟ್ಟಿದೆ ಅನ್ನೋದೊಂದು ತೆಗೀರಿ."

ವಧುವಿನ ಹೆಸರು

ದೇವನಹಳ್ಳಿ ಕಡೆಯ ಮದುವೆ ಛತ್ರವೊಂದರ ಮಾಲೀಕರ ಅಳಿಯನಿಗೆ ಇದ್ದಕ್ಕಿದ್ದಂತೆ ಕನ್ನಡಾಭಿಮಾನ ಉಕ್ಕಿತು. ಕಂಪ್ಯೂಟರಿನಲ್ಲಿ 'ಬ್ರೈಡ್' ಅಂತ ಇದ್ದ ಫೀಲ್ಡಿನ ಹೆಸರು ಅಳಿಸಿ 'ವಧು' ಅಂತ ಮಾಡಿಬಿಟ್ಟ. ಸ್ವಾಗತ ಫಲಕ ತಯಾರಿಸೋ ರಿಪೋರ್ಟಿಗೆ ಈ ಸಮಾಚಾರ ಯಾರೂ ತಿಳಿಸಲಿಲ್ಲ. ಅದು ಪಾಪ ಬ್ರೈಡನ್ನೇ ಹುಡುಕಿತು. ಸಿಗಲಿಲ್ಲ. ಹುಡುಗಿಯ ಹೆಸರಿರಬೇಕಾದ ಕಡೆ '#Name?' ಅಂತ ಹಾಕಿತು. ಫ್ಲೆಕ್ಸ್ ಅಂಗಡಿಯವನು ಬಂದದ್ದನ್ನ ಬಂದ ಹಾಗೆ, ಗುಲಾಬಿ ಹೂವಿನ ಮಧ್ಯೆ ಆಳೆತ್ತರಕ್ಕೆ ಅಚ್ಚು ಹಾಕಿಕೊಟ್ಟ.

ಅವತ್ತು ಸಂಜೆಯೇ ಆರತಕ್ಷತೆ. ನಾನು ಓಡಿಹೋಗೋ ಹೊತ್ತಿಗೆ ಬಾಗಿಲಲ್ಲೇ ಜಗಳ ಹತ್ತಿಕೊಂಡಿತ್ತು. "ನಮ್ಮ ಮಗಳಿಗೆ ಹೆಸರಿಲ್ವೇನ್ರೀ?" ಅಂತ ಹುಡುಗಿಯ ಅಪ್ಪ ಕೂಗಾಡ್ತಿದ್ದರು. ಹುಡುಗನ ಸೋದರತ್ತೆ, "ಯಾರಾದ್ರೂ ಸರಿ ಅಂತ ಮದುವೆ ಆಗೋಕೆ ನಮ್ಮ ಹುಡುಗನೇನು ಬೀದೀಲಿ ಸಿಕ್ಕಿದ್ನಾ?" ಅಂತ ಎದುರಾಡ್ತಿದ್ದರು. ಛತ್ರದ ಮಾಲೀಕರು ನನ್ನನ್ನ ನೋಡಿ ಕೈಮುಗಿದರು. ಅಳಿಯ ಎಲ್ಲೂ ಕಾಣಲಿಲ್ಲ.

ನಾನು ರಿಪೋರ್ಟಿಗೂ ವಧುವನ್ನ ಪರಿಚಯ ಮಾಡಿಸಿ, ಹೊಸ ಫ್ಲೆಕ್ಸಿಗೆ ಕಳಿಸಿದೆ. ಅದು ಬರೋವರೆಗೂ ಹಳೇದಕ್ಕೆ ಸೀರೆ ಮುಚ್ಚೋಣ ಅಂತ ಯಾರೋ ಏಣಿ ತಂದರು. ಅಷ್ಟರಲ್ಲಿ ಗಲಾಟೆ ಕೇಳಿ ಅರ್ಧ ಅಲಂಕಾರದಲ್ಲೇ ಹುಡುಗಿ ಹೊರಗೆ ಬಂದಳು. ಅವಳ ಹಿಂದೆಯೇ ಸೂಟು ಹಾಕಿದ ಹುಡುಗ. ಈಗ ಅಳ್ತಾಳೆ ಅಂತ ಸೋದರತ್ತೆ ಕೂಡ ಒಂದು ಹೆಜ್ಜೆ ಹಿಂದೆ ಸರಿದರು.

ಅವಳು ಫಲಕ ನೋಡಿದಳು. "ಏನಕ್ಕಾ ಇದು?" ಅಂತ ನನ್ನನ್ನ ಕೇಳಿದಳು.

"ಕಂಪ್ಯೂಟರಿಗೆ ಗೊತ್ತಾಗಿಲ್ಲಮ್ಮಾ. ಹೆಸರೇನು ಅಂತ ಕೇಳ್ತಿದೆ."

ಹುಡುಗಿ ಹುಡುಗನ ಕಡೆ ತಿರುಗಿದಳು.

"ನೋಡಿದ್ರಾ? ಅದಾದ್ರೂ ಹೆಸರು ಕೇಳ್ತು. ನೀವು ಹೆಣ್ಣು ನೋಡೋಕೆ ಬಂದಾಗ ಕೇಳಿದ್ದು ಇನ್ನೊಂಚೂರು ಚಟ್ನಿ!"