ಧಾರವಾಡಕ್ಕ ಹೋಗಾವ್ರು

ದುರ್ಗೇಶನಿಗೆ ಎರಡು ಪೇಡೆ, ಶಂಭುಲಿಂಗನಿಗೆ ಒಂದು. ಆ ದಿನದ ಅನಾಹುತಕ್ಕೆಲ್ಲ ಇದೇ ಮೂಲ.

ಹುಬ್ಬಳ್ಳಿ ಅಮರಗೋಳದ ಬೀಜ ಪರೀಕ್ಷೆಯ ಲ್ಯಾಬಿನವರು ಧಾರವಾಡದಲ್ಲೊಂದು ಶಾಖೆ ತೆರೆಯುವವರಿದ್ದರು. ಮುಖ್ಯಸ್ಥೆ ಸುಕನ್ಯಾ ಮೇಡಂ ಬೆಳಿಗ್ಗೆ ಪೇಡೆಯ ಡಬ್ಬಿ ಹಿಡಿದೇ ಬಂದರು. "ಜಾಗಾ ಪಕ್ಕಾ ಆತು. ಶಾಖಾ ನೋಡಿಕೊಳ್ಳಾಕ ಧಾರವಾಡಕ್ಕ ಹೋಗಾವ್ರು ಯಾರಂತ ಸಂಜಿಗೆ ಹೇಳ್ತೇನಿ" ಎನ್ನುತ್ತ ತಾವೇ ಹಂಚಿದರು.

ಆ ಕುರ್ಚಿ ತನಗೇ ಎಂದು ಶಂಭುಲಿಂಗ ಹೆಂಡತಿಗೆ ಆಗಲೇ ಹೇಳಿಯಾಗಿತ್ತು. ಲ್ಯಾಬಿಗೆ ಮೊದಲ ಮೇಜು ಬಂದ ದಿನ ಸೇರಿದವನು ಅವನು. ದುರ್ಗೇಶ ಮೊನ್ನೆ ಮೊನ್ನೆ ಬಂದವನು. ಆದರೂ ಅವನ ಅಂಗಿ ಮುದುಡುವುದಿಲ್ಲ, ಅವನ ಚಹಾ ಆರುವುದಿಲ್ಲ. ಅವನ ತಟ್ಟೆಯಲ್ಲಿ ಕಾಳುಗಳು ಕೂಡ ಕವಾಯತಿಗೆ ನಿಂತ ಪೊಲೀಸರ ಹಾಗೆ ನೆಟ್ಟಗೆ ಮೊಳೆಯುತ್ತವೆ. ಈಗ ಪೇಡೆಯೂ ಎರಡು. ಶಂಭುಲಿಂಗನ ಹೊಟ್ಟೆಕಿಚ್ಚಿಗೆ ನೀರು, ಗಾಳಿ, ಉಷ್ಣತೆ ಎಲ್ಲವೂ ಒಟ್ಟಿಗೆ ಸಿಕ್ಕವು. ಅದು ಅಲ್ಲೇ ಮೊಳಕೆಯೊಡೆಯಿತು.

ಹುಬ್ಬಳ್ಳಿಯವರ ಬಾಯಲ್ಲಿ 'ಧಾರವಾಡಕ್ಕ ಹೋಗೂದು' ಎಂದರೆ ಎರಡು ಅರ್ಥ. ಒಂದು, ಬಸ್ಸು ಹತ್ತಿ ಧಾರವಾಡಕ್ಕೆ ಹೋಗುವುದು. ಇನ್ನೊಂದು, ಬುದ್ಧಿ ಕೆಟ್ಟು ಅಲ್ಲಿನ ದವಾಖಾನೆಗೆ ಹೋಗುವುದು. ಶಂಭುಲಿಂಗ ಸ್ಯಾಂಪಲ್ ಚೀಟಿ ಬರೆಯುವ ಶಮೀಮಳ ಮೇಜಿಗೆ ಹೋಗಿ ನಿಂತ.

"ಧಾರವಾಡಕ್ಕ ಹೋಗೂದಂತೂ ಖರೇ ಐತಿ, ಶಮೀಮಕ್ಕ. ಆದರ ಯಾವ ಬಾಗಲಕ್ಕ ಅನ್ನೂದ ಪ್ರಶ್ನಿ."

"ಅಯ್ಯ, ಹಂಗಂದ್ರೇನ್ರಿ?"

"ನಾ ಏನೂ ಹೇಳಿಲ್ರಿ. ಕಾಳಿನ ಕೂಡ ಮಾತಾಡೂದು, ಸುಮ್ಮಸುಮ್ಮನ ನಗೂದು... ಸಂಕಟ ಆಗ್ತೈತಿ."

ಶಂಭುಲಿಂಗ ಹುಷಾರಿನ ಮನುಷ್ಯ. ಗಾಳಿಸುದ್ದಿ ಹಬ್ಬಿಸಿದ ಒಬ್ಬನನ್ನು ಮೇಡಂ ಹೋದ ತಿಂಗಳಷ್ಟೇ ಕೆಲಸದಿಂದ ತೆಗೆದಿದ್ದರು. ಆದ್ದರಿಂದ ಅವನು ಹೆಸರು ಎತ್ತಲಿಲ್ಲ, 'ಅವನು' ಎಂದೂ ಅನ್ನಲಿಲ್ಲ. ಕೆಲಸ ಮಾತ್ರ ಹೇಳಿದ, ಮಾಡಿದವರನ್ನು ಬಿಟ್ಟ. ಶಮೀಮ ಅವನನ್ನೇ ದಿಟ್ಟಿಸಿ ನೋಡಿದಳು. ಅವಳ ಕಣ್ಣು ತುಂಬಿ ಬಂದದ್ದು ಕಂಡು, ಎಂಥ ಮೃದು ಹೃದಯ ಎಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಒಂದು ಕಾಳು ಬಿತ್ತಿದ ಕಡೆ ಹೊಲವೇ ನಿಂತಿತ್ತು. ಚೀಲ ಬಿಚ್ಚುವ ಮೈಲಾರಪ್ಪ ಕಿಟಕಿಯಾಚೆ ಯಾರಿಗೋ ಹೇಳುತ್ತಿದ್ದ: "ಧಾರವಾಡಕ್ಕ ಹೋಗಾವ್ರು ರಾತ್ರಿ ಬೀಜದ ಚೀಲಕ್ಕ ಜೋಗುಳ ಹಾಡ್ತಾರಂತ. ಮನ್ಯಾಗ ಉಣ್ಣಾಕ ಕುಂತ್ರ ಅನ್ನದ ಅಗಳು ಎಣಸ್ತಾರಂತ."

ಶಂಭುಲಿಂಗನಿಗೆ ರೊಟ್ಟಿ ಎಂದಿಗಿಂತ ರುಚಿಯಾಯಿತು. ಜೊತೆಗೆ ಗೌರವವೂ ಹೆಚ್ಚಿತ್ತು. ಶಮೀಮ ತನ್ನ ಡಬ್ಬಿಯ ಪಲ್ಯವನ್ನೆಲ್ಲ ಅವನಿಗೇ ಬಡಿಸಿ, "ಹೊಟ್ಟಿ ತುಂಬ ಉಣ್ರಿ, ಅಣ್ಣಾರ" ಎಂದಳು. ಮೈಲಾರಪ್ಪ ಬಂದು, ಮೇಜಿನ ಮೇಲಿದ್ದ ಕತ್ತರಿಯನ್ನು ಮೆಲ್ಲಗೆ ಎತ್ತಿಕೊಂಡು, "ನೀವ್ಯಾಕ ತ್ರಾಸ ತಗೋತೀರಿ, ಸಾಹೇಬ್ರ? ಚೀಲದ ದಾರ ನಾ ಕತ್ತರಿಸ್ತೇನಿ" ಎಂದ. ಹಿರಿತನಕ್ಕೆ ಕೊನೆಗೂ ಬೆಲೆ ಬಂತು ಎಂದು ಶಂಭುಲಿಂಗ ಹಿಗ್ಗಿದ.

ನಾಲ್ಕರ ಸುಮಾರಿಗೆ ಮೇಡಂ ಕರೆಸಿದರು. ಬಾಗಿಲು ತೆರೆದೇ ಇತ್ತು; ಹೊರಗೆ ಎಲ್ಲರ ಕೈಯಲ್ಲಿ ಗಿರಮಿಟ್ಟಿನ ಕಾಗದ, ಯಾರೂ ಅಗಿಯುತ್ತಿರಲಿಲ್ಲ.

"ಕುಂದರ್ರಿ. ಎಪಿಎಂಸಿ ಯಾರ್ಡಿನ ವ್ಯಾಪಾರಸ್ಥರೊಬ್ಬರು ಫೋನ್ ಮಾಡಿದ್ರು. ಧಾರವಾಡಕ್ಕ ಹೋಗಾವ್ರಿಗೆ ಮನಸ್ಸು ನೆಟ್ಟಗಿಲ್ಲಂತ. ನಾ ಸುದ್ದಿ ಬೆನ್ನ ಹತ್ತಾಕಿ ಅಲ್ಲ, ಗೊತ್ತಿದ್ದಾವ್ರನ್ನ ನೇರ ಕೇಳಾಕಿ. ಖರೇನೋ, ಸುಳ್ಳೋ, ನೀವ ಹೇಳ್ರಿ. ನಿಮ್ಮ ಮಾತ ಕಡೀ ಮಾತು."

ಸಾಕ್ಷಿಗೆ ತನ್ನನ್ನೇ ಕರೆದರಲ್ಲ. ಶಂಭುಲಿಂಗ ದನಿ ತಗ್ಗಿಸಿದ. "ಹೇಳಬಾರದಂತ ಇದ್ದೆ, ಮೇಡಂ. ಖರೇ ಐತ್ರಿ."

ಮೇಡಂ ಕನ್ನಡಕ ತೆಗೆದರು. "ಎಷ್ಟು ದಿನದಿಂದ?"

"ಒಂದೆರಡು ತಿಂಗಳಾತ್ರಿ. ಕಾಳಿನ ಕೂಡ ಮಾತು. ಸುಮ್ಮಸುಮ್ಮನ ನಗಿ. ಚೀಲಕ್ಕ ಜೋಗುಳ."

"ಮನ್ಯಾಗ ಗೊತ್ತೈತೇನು?"

"ಅನ್ನದ ಅಗಳು ಎಣಿಸೂದು ಅವರೂ ನೋಡಿರ್ತಾರ್ರಿ. ಅಂಥಾ ಜವಾಬ್ದಾರಿ ಹೊರಸಿದ್ರ ಪಾಪ ಹತ್ತತೈತಿ, ಮೇಡಂ."

ಮೇಡಂ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ತಮ್ಮ ಬ್ಯಾನಿ ತಾವ ಹಿಂಗ ಒಪ್ಪಿಕೊಳ್ಳಾವ್ರು ಎಷ್ಟು ಮಂದಿ ಇರ್ತಾರ, ಶಂಭುಲಿಂಗ? ಹೋದ ವಾರನ ನಿಮ್ಮ ಹೆಸರು ಬರದು ಕಳಿಸಿದ್ದೆ. ಈಗ ಬ್ಯಾಡ ಬಿಡ್ರಿ. ಧಾರವಾಡಕ್ಕ ದುರ್ಗೇಶ ಹೋಗ್ಲಿ."

ಶಂಭುಲಿಂಗ ಲೆಕ್ಕ ಹಾಕಿದ. ಬಾಯಿ ತೆರೆದರೆ ಗಾಳಿಸುದ್ದಿ ಹಬ್ಬಿಸಿದವನು, ಮುಚ್ಚಿಕೊಂಡರೆ ಬುದ್ಧಿ ಕೆಟ್ಟವನು. ಮೊದಲನೆಯದಕ್ಕೆ ನೌಕರಿ ಹೋಗುತ್ತಿತ್ತು, ಎರಡನೆಯದಕ್ಕೆ ರಜೆ ಸಿಗುತ್ತಿತ್ತು. ಅವನು ಬಾಯಿ ಮುಚ್ಚಿಕೊಂಡ.

ಮೇಡಂ ಬಾಗಿಲ ಕಡೆ ತಿರುಗಿದರು. "ಕೇಳಿದ್ರಲ್ಲ? ಹಿಂದಿಂದ ಗುಸುಗುಸು ಅನ್ನೂಕಿಂತ ಎದುರಿಗೆ ಕೇಳಿದ್ರ ಹಿಂಗ ಲಗೂ ಮುಗೀತೈತಿ. ಇನ್ನ ಈ ಮಾತು ಯಾರೂ ಎತ್ತಬ್ಯಾಡ್ರಿ."

ದುರ್ಗೇಶ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದ. "ಅಣ್ಣಾರ, ಸೋಮವಾರ ನನ್ನ ಬೈಕಿನ ಮ್ಯಾಲ ಕುಂದರ್ರಿ. ನನಗೂ ಧಾರವಾಡ, ನಿಮಗೂ ಧಾರವಾಡ. ದವಾಖಾನ್ಯಾಗ ನಿಮ್ಮ ಚೀಟಿ ಮಾಡಿಸಿ ಕುಂದರಿಸಿನ ನಾ ಶಾಖಾಕ್ಕ ಹೋಗ್ತೇನಿ." ಕಿಸೆಯಿಂದ ಕಾಗದದ ಪುಟ್ಟ ಪೊಟ್ಟಣ ತೆಗೆದ. "ಮುಂಜಾನಿ ಪೇಡೆ. ನಿಮಗ ಎರಡು ಕೊಡಾವ್ರಿದ್ರಂತ; ಸಕ್ಕರಿ ಬ್ಯಾನಿ ಐತಂತ ಅದರಾಗಿಂದು ಒಂದು ಮೇಡಂ ನನಗ ಕೊಟ್ಟಿದ್ರು. ಇವತ್ತೊಂದಿನ ತಿನ್ರಿ, ಏನೂ ಆಗೂದಿಲ್ಲ."

ಶಂಭುಲಿಂಗ ಪೇಡೆಯನ್ನು ನೋಡಿದ, ದುರ್ಗೇಶನನ್ನು ನೋಡಿದ, ಮತ್ತೆ ಪೇಡೆಯನ್ನು ನೋಡಿದ. ತಡೆಯಲಾಗದೆ ನಗು ಬಂದುಬಿಟ್ಟಿತು.

ಹೊರಗೆ ಮೈಲಾರಪ್ಪ ಶಮೀಮಳಿಗೆ ಮೆಲ್ಲಗೆ ಹೇಳಿದ: "ಶುರುವಾತು ನೋಡ್ರಿ."