ತಿದಿ ಕಟ್ಟಿಸಿಕೊಂಡ ಕಾರು

ಕೆಲವರಿಗೆ ಉಗುರು ಕಚ್ಚುವ ಚಾಳಿ, ಕೆಲವರಿಗೆ ಕೂತಲ್ಲೇ ಕಾಲು ಅಲ್ಲಾಡಿಸುವ ಚಾಳಿ. ನನ್ನದು ಬಾಯಿಯ ಚಾಳಿ. ಕಿವಿಗೆ ಬಿದ್ದ ಸದ್ದು ಬಾಯಿಂದ ಹೊರಡದೆ ಒಳಗೇ ಉಳಿದರೆ ನನಗೆ ಅಜೀರ್ಣವಾದಂತಾಗುತ್ತದೆ. ಅರಸೀಕೆರೆಯ ಒಂದು ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನಮ್ಮ ಹೆಡ್‌ಮಾಸ್ಟರು ಕೆಮ್ಮಿ, ಕನ್ನಡಕ ಒರೆಸಿ, ಮಾತು ಶುರುಮಾಡುವುದನ್ನು ಸ್ಟಾಫ್ ರೂಮಿನಲ್ಲಿ ಅವರಿಗಿಂತ ಚೆನ್ನಾಗಿ ಮಾಡಿ ತೋರಿಸುತ್ತೇನೆ. ಒಮ್ಮೆ ಅವರು ಬಾಗಿಲವರೆಗೆ ಬಂದು, ತಾವು ಆಗಲೇ ಒಳಗಿರುವುದನ್ನು ಕೇಳಿಸಿಕೊಂಡು ವಾಪಸ್ಸು ಹೋದರು ಎಂಬ ಸುದ್ದಿ ಊರಲ್ಲಿದೆ. ನಂಬಬೇಡಿ, ಹಬ್ಬಿಸಿದವನು ನಾನೇ. ಮನೆಯಲ್ಲಿ ಅಮ್ಮ ಬೇಳೆಗೆ ಮೂರು ವಿಷಲ್ ಎಣಿಸಿ ಒಲೆ ಆರಿಸುವವಳು. ಒಂದು ದಿನ ಆ ಮೂರರಲ್ಲಿ ಎರಡು ನನ್ನವಾಗಿದ್ದವು. ಬೇಳೆ ಹಲ್ಲಿಗೆ ಸಿಕ್ಕಿ ‘ಕಟುಂ’ ಎಂದಿತು. ಆ ಕಟುಮ್ಮನ್ನೂ ಮಾಡಿ ತೋರಿಸಿ ಎರಡನೇ ಸಲ ಬೈಸಿಕೊಂಡೆ.

ಕಾರಿನ ವಿಷಯಕ್ಕೆ ಬರಬೇಕಾದರೆ ಮೊದಲು ಮಾವನ ವಿಷಯ ಹೇಳಬೇಕು. ಕಣಕಟ್ಟೆಯಲ್ಲಿ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ಸೋದರಮಾವ ಶಿವಣ್ಣ, ಬೇಲೂರಿನ ಕಡೆಯ ಕಾಫಿ ತೋಟದವರೊಬ್ಬರು ಶೆಡ್ಡು ಖಾಲಿ ಮಾಡುವಾಗ ಅಲ್ಲಿದ್ದ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರಿಗೆ ಮರುಳಾಗಿ ಅದನ್ನು ತಂದುಬಿಟ್ಟರು. ಎರಡೇ ಸೀಟು, ನಾಲ್ಕು ಸಿಲಿಂಡರು, ತಲೆಯ ಮೇಲೆ ಮಡಿಚಿ ಬಿಚ್ಚುವ ಬಟ್ಟೆಯ ಚಾವಣಿ. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರಲ್ಲಿ ಹೋಗುವಾಗ ರಸ್ತೆ ಬದಿಯ ಮೇಕೆಗಳು ತಲೆ ಬಗ್ಗಿಸಿ ನಮ್ಮನ್ನು ನೋಡುತ್ತವೆ. ಮಾವನ ಹೊಟ್ಟೆಗೂ ಸ್ಟಿಯರಿಂಗಿಗೂ ಯಾವತ್ತೂ ರಾಜಿಯಾಗಲಿಲ್ಲ. ಹೀಗಾಗಿ ಕಾರು ನನ್ನ ಪಾಲಿಗೆ ಬಂತು. ಕೊಡುವಾಗ ಮಾವ ಒಂದೇ ಮಾತು ಹೇಳಿದರು: “ಓಡಿಸ್ಕೋ ಹೋಗ್ಲಾ. ಆದ್ರೆ ಇಂಜಿನ್ ಗಿಂಜಿನ್ ಕೆಡಿಸ್ಕೊಂಡು ಬಂದ್ಯೋ, ಗಾಡೀನ ತೋಟದಾಗೆ ನಿಲ್ಸಿ ಕೋಳಿ ಕೂಡಾಕ್ತೀನಿ.” ಇದು ಬರೀ ಬೆದರಿಕೆಯಲ್ಲ. ಆ ಇಂಜಿನ್ನಿನ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಒಂದು ಪಿಸ್ಟನ್ ಹೋದರೂ ಕೋಳಿಗಳಿಗೆ ಗೃಹಪ್ರವೇಶವೇ.

ಅಷ್ಟು ಗೊತ್ತಿದ್ದೂ ನಾನು ಅದಕ್ಕೆ ಸೂಪರ್‌ಚಾರ್ಜರ್ ಹಾಕಿಸಲು ಹೊರಟದ್ದಕ್ಕೆ ಒಬ್ಬ ಕಂಡಕ್ಟರ್ ಕಾರಣ. ಕಾರು ನೋಡುವುದಕ್ಕೆ ಚಿರತೆ, ಏರು ಸಿಕ್ಕಿದರೆ ತುಂಬು ಬಸುರಿ. ಜಾವಗಲ್ ದಾಟಿ ಹಳೇಬೀಡಿನ ಕಡೆಗೆ ಏರುವಾಗ ಒಂದು ದಿನ ಹಿಂದಿನಿಂದ ಬಂದ ಬಸ್ಸು ನನ್ನನ್ನು ದಾಟಿಕೊಂಡು ಹೋಯಿತು. ಹೋಗಲಿ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, “ಮೇಷ್ಟ್ರೇ, ಹಗ್ಗ ಐತೆ, ಕಟ್ಕಳಣ್ವಾ?” ಎಂದ. ಬಸ್ಸಿನ ತುಂಬ ನನ್ನ ಶಾಲೆಯ ಮಕ್ಕಳು.

ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿನ ಬಲ ಹೆಚ್ಚಿಸುವ ಯಂತ್ರ ಎಂದು ಮನೆಯಲ್ಲಿ ವಿವರಿಸಿದೆ. “ಯಾವ ಪ್ಲಗ್ಗಿಗೆ ಹಾಕ್ತೀಯೋ? ನನ್ನ ಮಿಕ್ಸಿ ಪ್ಲಗ್ ಮುಟ್ಟಬೇಡ” ಎಂದಳು ಅಮ್ಮ. ಸ್ಟಾಫ್ ರೂಮಿನಲ್ಲೂ ಎಲ್ಲರಿಗೂ ಅದು ಮೊಬೈಲ್ ಚಾರ್ಜರಿನ ದೊಡ್ಡಣ್ಣನೇ. ಕೊನೆಗೆ ಅದನ್ನು ಒಂದೇ ನೋಟಕ್ಕೆ ಗುರುತಿಸಿದವರು ರುದ್ರಾಚಾರ್ರು. ಅರಸೀಕೆರೆಯಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡುವ ಕಮ್ಮಾರರ ಮನೆತನದವರು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಿಂದ ನಾನು ತಂದ ಪೆಟ್ಟಿಗೆಯನ್ನು ಬಿಚ್ಚಿ, ಒಳಗೆ ಒಂದಕ್ಕೊಂದು ತೆಕ್ಕೆಬಿದ್ದು ತಿರುಗುವ ಎರಡು ಉರುಳೆಗಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದು ನೋಡಿದರು.

“ಇದು ತಿದಿ ಅಲ್ವೇನ್ರೀ ಮೇಷ್ಟ್ರೇ.”

ಅಷ್ಟೇ. ನಾನು ಇಂಟರ್ನೆಟ್ಟಿನಲ್ಲಿ ಹದಿನೈದು ದಿನ ಓದಿದ್ದು ಎರಡಕ್ಷರದಲ್ಲಿ ಮುಗಿಯಿತು. ಕುಲುಮೆಯ ಬೆಂಕಿಗೆ ಗಾಳಿ ಊದುವ ಚರ್ಮದ ತಿದಿಯನ್ನು ಅವರು ಚಿಕ್ಕಂದಿನಲ್ಲಿ ಒತ್ತಿದವರು. “ಉಸಿರು ಜಾಸ್ತಿ ಕೊಟ್ರೆ ಬೆಂಕಿ ಜಾಸ್ತಿ. ಬೆಂಕಿ ಜಾಸ್ತಿ ಆದ್ರೆ ಕಬ್ಬಿಣ ಹದಕ್ಕೂ ಬತ್ತದೆ, ಕರಗೂ ಹೋಗ್ತದೆ. ತಿದಿ ಒತ್ತೋನ್ಗೆ ಕಿವಿ ಇರ್ಬೇಕು, ನೋಡಿ” ಎಂದರು. ಒಂಬತ್ತನೇ ತರಗತಿಗೆ ದಹನಕ್ರಿಯೆಯನ್ನು ಮೂರು ವರ್ಷದಿಂದ ಪಾಠ ಮಾಡುತ್ತಿದ್ದ ನಾನು ಮೊದಲ ಸಲ ಅರ್ಥ ಮಾಡಿಕೊಂಡೆ.

ಆಮೇಲಿನ ಭಾನುವಾರಗಳಲ್ಲಿ ನಾನು ಅವರ ಗ್ಯಾರೇಜಿನ ಸ್ಟೂಲಿನ ಮೇಲೆ ಬಾಯಿ ತೆರೆದುಕೊಂಡು ಕೂತಿದ್ದೆ. ಇಂಜಿನ್ನಿನಿಂದ ಬೆಲ್ಟಿನಲ್ಲಿ ತಿದಿಯನ್ನು ತಿರುಗಿಸಲು ಒಂದು ರಾಟೆ ಬೇಕಿತ್ತು. ಆಚಾರ್ರು ಅದನ್ನು ತಮ್ಮ ಹಳೇ ಲೇತಿನಲ್ಲಿ ಕಡೆದರು. ಕಡೆಯುತ್ತಾ ಹೇಳಿದರು: ಅವರು ಹಳೇಬೀಡಿಗೆ ಹೋದಾಗಲೆಲ್ಲ ಶಿಲಾಬಾಲಿಕೆಯರ ಕಡೆ ತಿರುಗಿಯೂ ನೋಡುವುದಿಲ್ಲವಂತೆ. ಒಳಗಿನ ಆ ನುಣುಪಾದ ದುಂಡು ಕಂಬಗಳ ಮುಂದೆ ನಿಂತುಬಿಡುತ್ತಾರಂತೆ. ಅವನ್ನು ತಿರುಗಿಸಿ ತಿರುಗಿಸಿ ಕಡೆದರೆಂದು ಗೈಡು ಹೇಳಿದಾಗ ಪ್ರವಾಸಿಗಳೆಲ್ಲ ‘ಓಹೋ’ ಎಂದರೆ, ಇವರು ಮಾತ್ರ, “ಅಷ್ಟು ದೊಡ್ಡ ಕಲ್ಲಿಗೆ ಸೆಂಟರ್ ಹೆಂಗೆ ಹಿಡಿದ್ರು ಸ್ವಾಮಿ?” ಎಂದು ಕೇಳಿದ್ದರಂತೆ. ಗೈಡು ಮುಂದಿನ ವಿಗ್ರಹಕ್ಕೆ ಹೋದ. ಆಚಾರ್ರು ಅಲ್ಲೇ ಉಳಿದರು. ನನಗನ್ನಿಸುತ್ತದೆ, ಅವರು ಇನ್ನೂ ಅಲ್ಲೇ ಇದ್ದಾರೆ.

ತಿದಿ ಕೂತಿತು. ಕಾರ್ಬುರೇಟರಿನಲ್ಲಿ ಪೆಟ್ರೋಲು ಬರುವ ತೂತನ್ನು ಹಿಗ್ಗಿಸಿದ್ದಾಯಿತು. ಅರಸೀಕೆರೆಯಿಂದ ಜಾವಗಲ್ ಕಡೆಗೆ ಮೊದಲ ಸವಾರಿ. ನಾನು ಸ್ಟಿಯರಿಂಗಿಗೆ, ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡ ಆಚಾರ್ರು. ವೇಗ ಏರುತ್ತಿದ್ದಂತೆ ಕುಂಯ್ಯ್ಯ್ ಎಂದು ಒಂದು ಸಿಳ್ಳು. ಆಚಾರ್ರ ಹುಬ್ಬು ಗಂಟಾಯಿತು. “ಬೇರಿಂಗು” ಎಂದರು. ವಾಪಸ್ಸು ಬಂದು ಬಿಚ್ಚಿದರು. ಬೇರಿಂಗು ಸರಿಯಾಗಿತ್ತು. ಮುಂದಿನ ಭಾನುವಾರ ಮತ್ತೆ ಕುಂಯ್ಯ್ಯ್. “ಬೆಲ್ಟು.” ಬದಲಾಯಿಸಿದರು. ಅದರ ಮುಂದಿನ ವಾರವೂ ಕುಂಯ್ಯ್ಯ್. ಗ್ಯಾರೇಜಿನಲ್ಲಿ ನಿಲ್ಲಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಿದಿಯ ಮೈಗೆ, ಹಿಡಿ ತಮ್ಮ ಕಿವಿಗೆ ಇಟ್ಟು ಡಾಕ್ಟರಂತೆ ಆಲಿಸಿದರೆ ಸಿಳ್ಳೇ ಇಲ್ಲ. ರಸ್ತೆಗಿಳಿದರೆ ಮಾತ್ರ ಬರುತ್ತದೆ. ಆ ಮನುಷ್ಯ ಸೊರಗಿಹೋದರು. “ಎಷ್ಟು ವರ್ಷದ ಕಿವಿ ಇದು ಮೇಷ್ಟ್ರೇ, ಮೋಸ ಮಾಡ್ತಾ ಐತಲ್ಲ” ಎಂದಾಗ ನನಗೇ ಪಾಪ ಅನ್ನಿಸಿತು.

ಗುಟ್ಟು ರಟ್ಟಾದದ್ದು ಜಾವಗಲ್ಲಿನ ಟೀ ಅಂಗಡಿಯ ಮುಂದೆ. ಆಚಾರ್ರು ಟೀ ಕುಡಿಯಲು ಇಳಿದಿದ್ದರು. ನಾನು ಕಾರಲ್ಲೇ ಕೂತು, ಮುಂದಿನ ಏರನ್ನು ನೆನೆಯುತ್ತ ಸ್ಟಿಯರಿಂಗ್ ಸವರುತ್ತಿದ್ದೆ. ಅವರು ಲೋಟ ಹಿಡಿದೇ ಬಂದು ಬಾನೆಟ್ಟಿಗೆ ಕಿವಿಕೊಟ್ಟರು. ಆಮೇಲೆ ನನ್ನ ಕಡೆ ಕಿವಿ ತಿರುಗಿಸಿದರು. ಆಮೇಲೆ, ಇಳಿಯುವಾಗ ಕಿತ್ತುಕೊಂಡಿದ್ದ ಕಾರಿನ ಕೀಯನ್ನು ಜೇಬಿನಿಂದ ತೆಗೆದು ನನ್ನ ಮುಖದ ಮುಂದೆ ಹಿಡಿದರು.

“ಕೀ ಇಲ್ಲೈತೆ. ಗಾಡಿ ಆಫ್ ಐತೆ. ಸಿಳ್ಳು ಎಲ್ಲಿಂದ ಬತ್ತಾ ಐತೆ ಮೇಷ್ಟ್ರೇ?”

ದೇವರಾಣೆ, ನನಗೆ ಗೊತ್ತಿರಲಿಲ್ಲ. ಸೂಪರ್‌ಚಾರ್ಜರ್ ಹಾಕಿದ ಕಾರುಗಳ ವಿಡಿಯೋ ನೋಡೀ ನೋಡೀ ಆ ಸದ್ದು ನನ್ನ ಬಾಯಿಗೆ ಹತ್ತಿಕೊಂಡಿತ್ತು. ಕಾಲು ಆಕ್ಸಿಲರೇಟರ್ ಒತ್ತಿದರೆ ನಾಲಿಗೆ ತಾನಾಗಿಯೇ ಮಡಿಚಿಕೊಳ್ಳುತ್ತಿತ್ತು. ಟೀ ಅಂಗಡಿಯವನು ನಕ್ಕ, ಬೆಂಚಿನ ಮೇಲಿದ್ದವರು ನಕ್ಕರು, ನಾನೂ ನಕ್ಕೆ. ಆಚಾರ್ರು ನಗಲಿಲ್ಲ.

“ಮೂರು ವಾರ ನಿಮ್ಮ ಬಾಯಿ ರಿಪೇರಿ ಮಾಡಿದೀನಿ. ಅದರ ಅಡೀಲಿ ಇಂಜಿನ್ ಏನ್ ಹೇಳ್ಕಂತಾ ಇತ್ತೋ, ನಾನು ಕೇಳಿಸ್ಕಂಡೇ ಇಲ್ವಲ್ರೀ.”

ನನ್ನ ನಗು ನಿಂತುಹೋಯಿತು. ಅವರು ಪಕ್ಕದ ಅಂಗಡಿಯಿಂದ ಅರ್ಧ ಗಿಟುಕು ಕೊಬ್ಬರಿ ತಂದರು. “ಬಾಯಾಗೆ ಇಟ್ಕಳಿ. ಅಗೀಬೇಡಿ, ನುಂಗಬೇಡಿ. ಹತ್ಸಿ ಏರಿಗೆ.” ಕೊಬ್ಬರಿಗೆ ಹೆಸರಾದ ಊರಿನವನಾದರೂ ಅದರ ಈ ಉಪಯೋಗ ನನಗೆ ತಿಳಿದಿರಲಿಲ್ಲ. ಎರಡೂ ಕೆನ್ನೆ ಉಬ್ಬಿಸಿಕೊಂಡು ಏರಿನ ಬುಡಕ್ಕೆ ಬಂದೆ, ಒತ್ತಿದೆ. ಸಿಳ್ಳಿಲ್ಲ. ಅದರ ಬದಲು ಎಲ್ಲೋ ಆಳದಲ್ಲಿ, ಬಾಣಲೆಯಲ್ಲಿ ಕಡಲೆ ಹುರಿದಂತೆ, ಟಿಣಿಟಿಣಿ ಟಿಣಿಟಿಣಿ.

“ನಿಲ್ಸಿ!” ಎಂದು ಆಚಾರ್ರು ಡ್ಯಾಷ್‌ಬೋರ್ಡಿಗೆ ಹೊಡೆದರು. “ಕಿಡಿ ಬೇಗ ಬೀಳ್ತಾ ಐತೆ. ಇನ್ನೊಂದು ನಾಕ್ ಸಲ ಹಿಂಗೆ ಹತ್ಸಿದ್ರೆ ಪಿಸ್ಟನ್ ತೂತು.”

ರಾಗಿ ಹೊಲದ ಬದಿಯಲ್ಲಿ ಬಾನೆಟ್ ತೆಗೆದರು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಸುಗೂಸಿನ ಕತ್ತು ಸರಿಮಾಡುವವರಂತೆ, ಒಂದು ಕೂದಲೆಳೆಯಷ್ಟು ತಿರುಗಿಸಿದರು. ಮೀಟರಿಲ್ಲ, ಲ್ಯಾಪ್‌ಟಾಪಿಲ್ಲ, ಕಣ್ಣೂ ಮುಚ್ಚಿತ್ತು. ಸ್ವಲ್ಪ ತಿರುಗಿಸಿ ಏರಿಗೆ ಹತ್ತಿಸುವುದು, ಕೇಳುವುದು, ಮತ್ತೆ ಇಳಿಯುವುದು. ಐದನೆಯ ಸಲಕ್ಕೆ ಕಡಲೆ ಹುರಿಯುವುದು ನಿಂತಿತು.

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಬೆನ್ನಿಗೆ ಯಾರೋ ಅಗಲವಾದ ಅಂಗೈ ಇಟ್ಟು, ‘ಹೋಗು ಮಗಾ’ ಎಂದು ನೂಕಿದಂತಾಯಿತು. ಏರು ಇದ್ದ ಜಾಗದಲ್ಲಿ ಏರೇ ಇರಲಿಲ್ಲ. ಬಾನೆಟ್ಟಿನ ಕೆಳಗಿನಿಂದ ತಿದಿಯ ನಿಜವಾದ ಉಸಿರು ಕೇಳಿಸಿತು. ಅದು ಕುಂಯ್ಯ್ಯ್ ಅಲ್ಲವೇ ಅಲ್ಲ. ಶಂಖ ಊದುವುದಕ್ಕೆ ಮುಂಚೆ ಊದುವವನು ಎಳೆದುಕೊಳ್ಳುವ ಉಸಿರಿನಂಥದ್ದು. ಅದು ಮುಗಿಯುವುದೇ ಇಲ್ಲ, ತುಂಬುತ್ತ ತುಂಬುತ್ತ ಹೋಗುತ್ತದೆ. ಹಳೇಬೀಡು ಬಂತು, ಕೆರೆ ಹೋಯಿತು, ಬೇಲೂರು ಬಂದೇಬಿಟ್ಟಿತು. ಯಗಚಿ ಸೇತುವೆಯ ಹತ್ತಿರ ನಿಲ್ಲಿಸಿದಾಗ ಕೊಬ್ಬರಿ ಇನ್ನೂ ಬಾಯಲ್ಲೇ ಇತ್ತು. ತೆಗೆಯಬೇಕೆಂದು ಅನ್ನಿಸಿಯೇ ಇರಲಿಲ್ಲ. ಆಚಾರ್ರ ಕಣ್ಣಂಚು ಒದ್ದೆಯಾಗಿತ್ತು. “ಗಾಳಿ” ಎಂದರು. ಇರಬಹುದು, ಚಾವಣಿ ಬಿಚ್ಚಿದ್ದೆವು.

ಉಳಿದದ್ದು ಮಾವ. ಯಾರೋ ಕಿವಿಗೆ ಹಾಕಿದ್ದರು; ಮರುದಿನವೇ ಕಣಕಟ್ಟೆಯಿಂದ ಬಂದರು. “ನನ್ನ ಕೇಳ್ದೆ ಇಂಜಿನ್ನಿಗೆ ಕೈ ಹಾಕಿದ್ಯೇನ್ಲಾ?” ಎಂದು, ಉಸಿರು ಬಿಗಿಹಿಡಿದು ಪಕ್ಕದ ಸೀಟಿಗೆ ಇಳಿದರು. ಅದೇ ರಸ್ತೆ, ಅದೇ ಏರು. ಒತ್ತಿದೆ. ತಿದಿ ಉಸಿರೆಳೆಯಿತು. ಮಾವನ ಟವಲ್ಲು ಹಾರಿ ಹಿಂದೆ ಹೋಯಿತು. ಅವರು ಅದರ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ದುರುಗುಟ್ಟಿ ನೋಡಿದರು.

“ಏನ್ಲಾ, ಈ ಸದ್ದು ಗಾಡೀದೋ ನಿಂದೋ?”

“ಗಾಡೀದೇ ಮಾವ, ಆಣೆಗೂ.”

ನಂಬಲಿಲ್ಲ. ತೆಂಗಿನಕಾಯಿ ಸುಲಿದು ಸುಲಿದು ಒರಟಾದ ಬಲಗೈಯನ್ನು ಚಾಚಿ ನನ್ನ ಬಾಯಿ ಮುಚ್ಚಿದರು. ಸದ್ದು ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಮುಚ್ಚಿದರು. ಸದ್ದು ಇನ್ನೂ ಏರಿತು. ಮಾವನ ಕಣ್ಣುಗಳು ನಿಧಾನವಾಗಿ ಅಗಲವಾದವು, ಮುಖದ ಮೇಲೆ ದೇವಸ್ಥಾನದಲ್ಲಿ ಮಂಗಳಾರತಿ ನೋಡುವ ಕಳೆ ಬಂತು. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಒಂದು ಸದ್ದಿನಲ್ಲಿ ನನ್ನ ಕೈವಾಡವಿಲ್ಲವೆಂದು ಸಾಬೀತಾಯಿತು. ಕೋಳಿಗಳು ಬೇರೆ ಮನೆ ನೋಡಿಕೊಳ್ಳಬೇಕಾಯಿತು.

ಏರು ಮುಗಿಯಿತು, ಹಳೇಬೀಡಿನ ಕೆರೆ ಕಾಣಿಸಿತು, ಮಾವ ಕೈ ಮಾತ್ರ ತೆಗೆಯಲಿಲ್ಲ. ಮೂಗಿನಿಂದಲೇ ಉಸಿರಾಡುತ್ತ, ಇನ್ನು ಸಾಕು ಎಂದು ಕಣ್ಣಿನಲ್ಲಿ ಸನ್ನೆ ಮಾಡಿದೆ.

“ಇರ್ಲಿ ಬಿಡ್ಲಾ, ಹಿಂಗೇ ಚೆನ್ನಾಗೈತೆ” ಎಂದರು ಮಾವ.