ಮಾವನ ಜೇನು, ಅತ್ತೆಯ ತಟ್ಟೆ

ನಮ್ಮ ಸೋದರಮಾವನ ಮೈಮೇಲೆ ಜೇನು ಕಚ್ಚದ ಜಾಗ ಒಂದೇ ಒಂದು ಉಳಿದಿದೆ, ನಾಲಿಗೆ! ಅದು ಉಳಿದದ್ದರಿಂದಲೇ ಅವರ ಜೇನುಶಾಸ್ತ್ರ ಇಂದಿಗೂ ನಿಂತಿಲ್ಲ. ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಸಾಲಿನಲ್ಲಿ ನಿಲ್ಲಿಸಲು ಮಕ್ಕಳು ಸಿಗದೆ ಜೇನಿನ ಮೇಲೆ ಕಣ್ಣು ಹಾಕಿದರು.

ಅವರ ಸ್ಕೂಟರಿನ ಹಿಂದೆ ಸದಾ ಒಂದು ಖಾಲಿ ಜೇನುಪೆಟ್ಟಿಗೆ. ಆ ಸೀಟಿನಲ್ಲಿ ಅತ್ತೆ ಕೂತು ಎರಡು ವರ್ಷವಾಯಿತು. ಸಿರುಗುಪ್ಪದ ಮದುವೆಗೂ ಪೆಟ್ಟಿಗೆ ಸ್ಕೂಟರಿನಲ್ಲಿ, ಅತ್ತೆ ಬಸ್ಸಿನಲ್ಲಿ! ಅಲ್ಲಿ ಚಪ್ಪರದ ಕಂಬಕ್ಕೆ ಜೇನು ಕೂತಿದೆ ಎಂದು ಯಾರೋ ಅಂದದ್ದೇ ತಡ, ಮಾವ ಅಕ್ಷತೆ ಹಿಡಿದ ಕೈಯಲ್ಲೇ ಓಡಿದರು. ವಧೂವರರಿಗೆ ಬೀಳಬೇಕಾದ ಅಕ್ಷತೆ ಜೇನಿಗೆ ಬಿತ್ತು. ಮುಂದೇನಾಯಿತು ಅಂತೀರಾ? ಆ ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರ ಬೆನ್ನುಗಳೇ ಇವೆ.

ಹಿಡಿದದ್ದೇನೋ ಹಿಡಿದರು, ನಿಲ್ಲಬೇಕಲ್ಲ? ಸತ್ಯನಾರಾಯಣಪೇಟೆಯ ತಮ್ಮ ಮನೆಯ ಮಾಳಿಗೆ ಮೇಲಿಟ್ಟ ಮೂರನೇ ದಿನಕ್ಕೆ ಹಾರಿಹೋದವು. ಹೀಗೆ ಮೂರು ಸಲ. ಕೊನೆಯ ಸಲ ಮಾವ ಊಟ ಬಿಟ್ಟು ಕೂತರು.

"ಇನ್ನೊಂದ್ ಸಲ ಹೋದ್ವಂದ್ರ ಈ ಪೆಟಿಗಿ ಒಡದು ನೀರೊಲಿಗೆ ಹಾಕ್ತೀನಿ."

ಆ ಮುಖ ನೋಡಿ ನನಗೂ ನಗು ಬರಲಿಲ್ಲ.

ನಾಲ್ಕನೆಯ ಕರೆ ಕುರುಗೋಡಿನಿಂದ ಬಂತು. ಪರಿಚಯದವರ ಮೆಣಸಿನಕಾಯಿ ಹೊಲದ ಬೇವಿನ ಮರಕ್ಕೆ ಜೇನು ಬಂದು ಕೂತಿತ್ತು. ನಾವು ಹೋದಾಗ ಹೊಲದ ಯಜಮಾನರು ಸುಡುಬಿಸಿಲಲ್ಲಿ ಕಂಬಳಿ ಹೊದ್ದು ದೂರ ನಿಂತಿದ್ದರು.

"ಹೆದರಬ್ಯಾಡ್ರಿ," ಎಂದರು ಮಾವ. "ಮನಿ ಬಿಟ್ಟು ಬಂದ ಜೇನು ಸಿಟ್ಟು ಮಾಡಂಗಿಲ್ಲ. ಕಾಯಾಕ ಅದಕ್ಕ ಮನೀನ ಇಲ್ಲ."

ಅವರು ಪೆಟ್ಟಿಗೆ ಹಿಡಿದರು, ನಾನು ಕೊಂಬೆ ಜಗ್ಗಿದೆ. ಅರ್ಧ ಜೇನು ಪೆಟ್ಟಿಗೆಗೆ, ಅರ್ಧ ಮಾವನ ತಲೆಗೆ! ಮಾವ ಅಟೆನ್ಶನ್ನಿನಲ್ಲಿ ನಿಂತು, ತುಟಿ ಅಲುಗಿಸದೆ ಹೇಳಿದರು: "ರಾಣಿ ಪೆಟಿಗ್ಯಾಗ ಅದಾಳ. ಉಳಿದವ್ರು ತಾವ ಹೋಗ್ತಾರ." ಅರ್ಧ ಗಂಟೆಯಲ್ಲಿ ಹೋದವು. ಒಂದು ಮಾತ್ರ ಕಿವಿ ಕಚ್ಚಿ ಹೋಯಿತು.

"ಇದಕ್ಕ ನಿಮ್ಮ ಮಾತು ಯಾರೂ ಹೇಳಿಲ್ಲೇನ್ರಿ?" ಎಂದಿತು ಕಂಬಳಿ.

ಮನೆಯಲ್ಲಿ ಪೆಟ್ಟಿಗೆ ಮಾಳಿಗೆ ಹತ್ತುವಾಗ ಅತ್ತೆ ಮೆಟ್ಟಿಲಿಗೆ ಅಡ್ಡ ನಿಂತರು.

"ಆ ಬಿಸಿಲಾಗ ನೀವು ಒಂದ್ ತಾಸು ಕೂಡ್ತೀರೇನ್ರಿ? ಹಿತ್ತಲದಾಗ ನುಗ್ಗಿ ಗಿಡದ ನೆಳ್ಳಿಗೆ ಇಡ್ರಿ. ಮನಿಗೆ ಬಂದವ್ರಿಗೆ ಮೊದಲ ನೀರು ಕೊಡಬೇಕು. ಡ್ರಿಲ್ಲು ಆಮ್ಯಾಲೆ."

ತಟ್ಟೆಗೆ ನೀರು ತುಂಬಿ, ಹುಳು ಮುಳುಗದಂತೆ ನಾಲ್ಕು ಬೆಣಚುಕಲ್ಲು ಹಾಕಿ ಪಕ್ಕದಲ್ಲಿಟ್ಟರು. ಮೂರು ದಿನ ಕಳೆಯಿತು, ಎರಡು ವಾರ ಕಳೆಯಿತು. ಜೇನು ಹೋಗಲಿಲ್ಲ. ಮಾವ ಓಣಿಗೆಲ್ಲ ತಮ್ಮ ಶಾಸ್ತ್ರ ಸಾರಿ ಬಂದರು.

"ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ?" ಎಂದು ಕೇಳಿದೆ. ಮಾವ ಬಾಗಿಲ ಬಳಿಯೇ ಇದ್ದರು.

"ನಾ ಮದುವಿಯಾಗಿ ಬಂದ ದಿನ ನಿಮ್ಮ ಮಾವ ನೀರು ಕೊಡ್ಲಿಲ್ಲ. ಇದು ಅಡಗಿಮನಿ, ಇದು ಹಿತ್ತಲ ಅಂತ ಪರೇಡ್ ಮಾಡಿಸಿದ್ರು. ಮೂರನೇ ದಿನಕ್ಕ ನಾನೂ ಚೀಲ ಕಟ್ಟಿದ್ದೆ. ನಿಮ್ಮಜ್ಜಿ ಬಂದು ಒಂದ್ ಚೊಂಬು ನೀರು, ಒಂದ್ ಚೂರು ಬೆಲ್ಲ ಮುಂದಿಟ್ರು. ಉಳ್ಕೊಂಡೆ."

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ಜೇನಿನ ತಟ್ಟೆ ಆಗಲೇ ತುಂಬಿತ್ತು. ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಮುಂದೆ ಮಾವ, ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲ, ನಿಂತದ್ದು ಮಾತ್ರ ಅಟೆನ್ಶನ್ನಿನಲ್ಲೇ. ನಗಬೇಕೆಂದುಕೊಂಡೆ, ಕಣ್ಣು ತುಂಬಿ ಬಂತು.

"ತಡಾ ಆತು," ಎಂದರು ಮಾವ.

"ಇರಲಿ ಬಿಡ್ರಿ," ಎಂದು ಅತ್ತೆ ಚೊಂಬು ತೆಗೆದುಕೊಂಡರು. "ನಾ ಏನ್ ಹಾರಿ ಹೋಗಿಲ್ಲಲ್ಲ."